ಹೊರಡುವಾಗ ಹೇಳಬಾರದ ಮಾತು

ಗುದೈಬಿಯಾ, ಮನಾಮಾ, ಬಹರೈನ್
ಶುಕ್ರವಾರ, 15 ನವೆಂಬರ್ 2024

ಪ್ರೀತಿಯ ಮಗಳು ಸುರಕ್ಷಾಳಿಗೆ,

ಮೊದಲು ಆಶೀರ್ವಾದ, ಬೈಗುಳ ಆಮೇಲೆ. ನಿನ್ನ ಕೆಮ್ಮು ಹೇಗಿದೆ? ಬುಧವಾರ ಫೋನಿನಲ್ಲಿ ನೀನು ನನ್ನ ಮೇಲೆ ರೇಗುತ್ತಿದ್ದಾಗಲೂ ನಡುನಡುವೆ ಕೆಮ್ಮುತ್ತಿದ್ದೆ. ನಿನ್ನ ಮಾತಿಗಿಂತ ನನಗೆ ಅದೇ ಹೆಚ್ಚು ಕೇಳಿಸಿತು. ಕಷಾಯ ಮಾಡಿ ಕುಡಿ ಎಂದರೆ ನೀನು ಮಾಡುವವಳಲ್ಲ, ಅದಕ್ಕೆ ಪುಡಿಯನ್ನೇ ಮಾಡಿ ಕಳಿಸಿದ್ದೇನೆ. ಬಿಸಿನೀರಿಗೆ ಹಾಕಿ ಕಲಕಿದರೆ ಮುಗಿಯಿತು, ಅಷ್ಟಾದರೂ ಮಾಡು. ಇಲ್ಲಿ ನಾವು ಕ್ಷೇಮ. ಪಪ್ಪನಿಗೆ ಮೊಣಗಂಟು ನೋವು. ಸಿತ್ರಾಕ್ಕೆ ಹೋಗುವ ಕಂಪನಿ ಬಸ್ಸಿನ ಮೆಟ್ಟಿಲು ಈಚೆಗೆ ಎತ್ತರ ಮಾಡಿದ್ದಾರೆ ಎಂದು ಅವರ ದೂರು. ಬಸ್ಸು ಅದೇ, ಮೆಟ್ಟಿಲೂ ಅದೇ, ನಾನು ಬಾಯಿಬಿಟ್ಟು ಹೇಳುವುದಿಲ್ಲ. ನಾನು ಜಿಂಜ್ ಬಡಾವಣೆಯ ಹಲ್ಲಿನ ಕ್ಲಿನಿಕ್ಕಿನಲ್ಲಿ ಅದೇ ಕುರ್ಚಿಯಲ್ಲಿ ಕುಳಿತು ಕೆನ್ನೆ ಹಿಡಿದುಕೊಂಡು ಬಂದವರ ಹೆಸರು ಕರೆಯುತ್ತಿದ್ದೇನೆ. ಸೆಖೆ ಇಳಿದಿದೆ, ಏಸಿ ನಿಲ್ಲಿಸಿ ಕಿಟಕಿ ತೆರೆದಿದ್ದೇವೆ. ಬೆಳಿಗ್ಗೆ ಎದುರಿನ ಬೇಕರಿಯ ಖುಬ್ಸ್ ರೊಟ್ಟಿ ಬೇಯುವ ಪರಿಮಳ ನೇರ ನಿನ್ನ ಮಂಚದವರೆಗೆ ಬರುತ್ತದೆ, ಮಂಚದಲ್ಲಿ ನೀನಿಲ್ಲ. ಪಪ್ಪನ ಜೊತೆ ಕೆಲಸ ಮಾಡುವ ಶ್ಯಾಮಸುಂದರರ ಮಗ ರೂಪೇಶ್ ಇವತ್ತು ಸಂಜೆ ಮ್ಯಾಂಚೆಸ್ಟರಿಗೆ ಹೊರಡುತ್ತಾನೆ, ನಾಳೆ ನಿನ್ನ ರೂಮಿಗೆ ಬಂದು ಇದನ್ನೆಲ್ಲ ಕೊಡುತ್ತಾನೆ. ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀಯ. ಕಾಗದಕ್ಕೆ ಬಾಯಿ ಹಾಕಲು ಆಗುವುದಿಲ್ಲ ನೋಡು, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಹೇಳಿದ್ದರಲ್ಲಿ ನನ್ನ ತಲೆಗೆ ಎಷ್ಟು ಹತ್ತಿತೋ ಅಷ್ಟನ್ನು ಮೊದಲು ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿಕೋ. ನಿಮ್ಮ ಸೋಶಿಯಲ್ ವರ್ಕ್ ಕ್ಲಾಸಿನವರು ಗಾಜಾದ ಬಗ್ಗೆ ಒಂದು ಹೇಳಿಕೆ ತಯಾರಿಸಿದಿರಿ. ಬರೆದವಳು ನೀನು. ಜನರ ಕಷ್ಟವನ್ನೇ ಪಾಠವಾಗಿ ಓದುವವರು ಇಷ್ಟು ಮಕ್ಕಳು ಸಾಯುವಾಗ ಸುಮ್ಮನೆ ಕುಳಿತರೆ ಆ ಓದಿಗೆ ಅರ್ಥವಿಲ್ಲ ಎಂದು ಬರೆದೆ. ನಮ್ಮ ಮೇಲಿನ ಮನೆಯ ಸಾಹಿರಾ ಆಂಟಿಯನ್ನು ಕೇಳಿ, ಗಾಜಾದ ಖಾನ್ ಯೂನಿಸ್‌ನಲ್ಲಿ ತೀರಿಕೊಂಡ ಅವಳ ತಂಗಿ ಬಸ್ಮಾ ಮತ್ತು ಮಕ್ಕಳ ಹೆಸರನ್ನೂ ಅದರಲ್ಲಿ ಸೇರಿಸಿದೆ. ಅಲ್ಲಿಯವರೆಗೆ ಎಲ್ಲರೂ ಒಂದೇ. ಆಮೇಲೆ ಯಾರೋ ಕೊನೆಗೊಂದು ಸಾಲು ಹಾಕಿದರು. ನೀವು ಫೀಲ್ಡ್‌ವರ್ಕಿಗೆ ಹೋಗುವ ಯಹೂದಿಗಳ ವೃದ್ಧಾಶ್ರಮ ಈ ಯುದ್ಧವನ್ನು ಖಂಡಿಸದಿದ್ದರೆ ವಿದ್ಯಾರ್ಥಿಗಳನ್ನು ಅಲ್ಲಿಗೆ ಕಳಿಸುವುದು ಬೇಡ ಎಂದು. ಆ ಸಾಲು ನಿನ್ನದಲ್ಲ, ಕೆಳಗಿನ ಸಹಿ ಮಾತ್ರ ನಿನ್ನದು. ನಿನ್ನ ಫೀಲ್ಡ್‌ವರ್ಕಿನ ಜೊತೆಗಾತಿ ಹ್ಯಾನಾ ಯಹೂದಿ ಹುಡುಗಿ, ಅವಳು ಸಹಿ ಹಾಕಲಿಲ್ಲ. ಯುದ್ಧ ನಿಲ್ಲಬೇಕು ಎಂದು ತಾನೂ ಹೇಳುವವಳೇ, ಆದರೆ ಈ ಊರಿನ ಮುದುಕ ಮುದುಕಿಯರು ಯಹೂದಿಗಳು ಎಂಬ ಒಂದೇ ಕಾರಣಕ್ಕೆ ಅವರಿಂದ ಉತ್ತರ ಕೇಳುವುದು ಯಹೂದಿದ್ವೇಷ ಎಂದಳು. ಆ ಪದ ಬಿದ್ದದ್ದೇ ತಡ, ಗಾಜಾದ ಮಾತೆತ್ತಿದವರ ಬಾಯಿ ಮುಚ್ಚಿಸಲು ಇದೇ ಪದ ಎತ್ತಿಕೊಳ್ಳುತ್ತಾರೆ ಎಂದು ಇನ್ನೊಂದು ಕಡೆಯವರು ಎದ್ದರು. ಪ್ರೊಫೆಸರ್ ಎಲ್ಲರನ್ನೂ ವೃತ್ತವಾಗಿ ಕೂರಿಸಿ, ಮನಸ್ಸಿನಲ್ಲಿ ಇದ್ದದ್ದನ್ನು ಹೊರಗೆ ಹಾಕಿ ಎಂದರಂತೆ. ಎಲ್ಲರೂ ಹಾಕಿದಿರಿ. ಹ್ಯಾನಾ ಅಳುತ್ತಾ ಎದ್ದುಹೋದಳು, ಮೇಲಿನವರಿಗೆ ದೂರು ಕೊಟ್ಟಳು, ನಿನ್ನನ್ನೂ ಸೇರಿಸಿ ಕೆಲವರ ಮೇಲೆ ವಿಚಾರಣೆ ಶುರುವಾಯಿತು. ಇನ್ನು ಅವಳ ಜೊತೆ ಯಾರೂ ಮಾತಾಡುವುದಿಲ್ಲ ಎಂದು ನಿಮ್ಮ ವಾಟ್ಸಾಪ್ ಗುಂಪಿನಲ್ಲಿ ತೀರ್ಮಾನವಾಯಿತು. ನೀನೂ ಮಾತು ಬಿಟ್ಟೆ.

ಈಗ ಆ ವೃದ್ಧಾಶ್ರಮದಲ್ಲೇ ಇದ್ದ ಹ್ಯಾನಾಳ ಅಜ್ಜಿ ತೀರಿಕೊಂಡಿದ್ದಾರೆ. ನಿನ್ನ ಕೈಯಲ್ಲಿ ಉಗುರು ಕತ್ತರಿಸಿಕೊಳ್ಳುತ್ತಾ ‘ನಿಮ್ಮ ಊರಲ್ಲಿ ಸಮುದ್ರ ಇದೆಯಾ’ ಎಂದು ಹೋದಾಗಲೆಲ್ಲ ಹೊಸದಾಗಿ ಕೇಳುತ್ತಿದ್ದರಲ್ಲ, ಅವರೇ. ಆ ಅಜ್ಜಿಯ ಕಥೆ ಹೇಳಿ ನೀನು ಎಷ್ಟು ಸಲ ನಗಿಸಿದ್ದೀಯ. ಎಲ್ಲಿಂದ ಹೊರಟರೂ ನೀನು ಮೊದಲು ಕನ್ನಡದಲ್ಲಿ ‘ಬರ್ತೇನೆ’ ಎಂದು, ಆಮೇಲೆ ಇಂಗ್ಲಿಷಿನಲ್ಲಿ ಬೈ ಎನ್ನುತ್ತೀಯ, ಹ್ಯಾನಾ ಅದನ್ನು ಅಣಕಿಸಿ ತಾನೂ ‘ಬರ್ತೇನೆ’ ಎನ್ನಲು ಶುರುಮಾಡಿದ್ದಾಳೆ ಎಂದು ಹೇಳಿದ್ದೂ ನೀನೇ. ಅವರ ಮನೆಯಲ್ಲಿ ಏಳು ದಿನ ಶೋಕಕ್ಕೆ ಕೂರುತ್ತಾರೆ, ಬರುವ ಮಂಗಳವಾರದವರೆಗೆ ಯಾರು ಬೇಕಾದರೂ ಹೋಗಬಹುದು. ಹೋಗಲೋ ಬೇಡವೋ ಎಂದು ನೀನು ಕೇಳಿದೆ. ಹೋದರೆ ಗುಂಪಿನವರು ದ್ರೋಹಿ ಎನ್ನುತ್ತಾರೆ, ಹ್ಯಾನಾ ಬಾಗಿಲಿನಿಂದಲೇ ವಾಪಸು ಕಳಿಸಿದರೆ ಮುಖ ಎಲ್ಲಿ ಇಟ್ಟುಕೊಳ್ಳುವುದು, ಹೋಗದಿದ್ದರೆ ಊಟ ಸೇರುವುದಿಲ್ಲ. ನಾನು ಬಾಯಿ ತೆರೆಯುವುದರೊಳಗೆ ‘ನಿಂಗೆ ಎಂತ ಗೊತ್ತಮ್ಮ, ಇದು ನಿಮ್ಮ ಗುದೈಬಿಯಾದ ಬಿಲ್ಡಿಂಗ್ ಅಲ್ಲ’ ಎಂದು ಫೋನಿಟ್ಟುಬಿಟ್ಟೆ.

ಸರಿ ಮಾರಾಯ್ತಿ, ಅದು ಗುದೈಬಿಯಾದ ಬಿಲ್ಡಿಂಗ್ ಅಲ್ಲ. ಆದರೆ ನೀನು ಹುಟ್ಟಿ ಬೆಳೆದದ್ದು ಈ ಬಿಲ್ಡಿಂಗಿನಲ್ಲೇ. ಇದನ್ನು ನಾನು ಹೇಳದೆ ಬಿಡುವುದಿಲ್ಲ. ನಮ್ಮ ಕೆಳಗಿನ ಅಂತಸ್ತಿನಲ್ಲಿ ಈಗ ಲಾಂಡ್ರಿ ಇದೆಯಲ್ಲ, ಅಲ್ಲಿ ಉಮ್ ದಾವೂದ್ ಇದ್ದರು. ದಾವೂದನ ತಾಯಿ, ಅಷ್ಟೆ, ಅವರ ಸ್ವಂತ ಹೆಸರು ಫರ್ಹಾ ಎಂದು ನನಗೆ ತಿಳಿಯಲು ವರ್ಷಗಳೇ ಬೇಕಾದವು. ಹೊರಗೆ ಹೊರಟರೆ ಕರಿ ಅಬಾಯ, ಒಳಗೆ ಹೂವಿನ ಚಿತ್ರದ ಉದ್ದ ಅಂಗಿ, ಬಾಯಿ ತುಂಬ ಅರಬ್ಬಿ, ಹಳೇ ಮನಾಮಾದವರಿಗೆಲ್ಲ ಬರುವ ಹಾಗೆ ಒಂದಷ್ಟು ಹಿಂದಿ. ಮೊದಲ ರಂಜಾನಿನಲ್ಲೇ ನಾನು ತಟ್ಟೆ ತುಂಬ ಗೋಳಿಬಜೆ ಕರಿದು, ನನ್ನ ಹೆಸರು ಕೊರೆಸಿದ ಸ್ಟೀಲ್ ತಟ್ಟೆಯಲ್ಲಿ, ಸಂಜೆಯ ಮಗ್ರಿಬ್ ಬಾಂಗಿಗೆ ಸ್ವಲ್ಪ ಮೊದಲು ಅವರಿಗೆ ಕೊಟ್ಟುಬಂದೆ. ಪಾಪ, ವಯಸ್ಸಾದವರು, ಇಡೀ ದಿನ ಉಪವಾಸ ಎಂದು. ಅವರು ಮಾತಾಡದೆ ತೆಗೆದುಕೊಂಡರು. ಮಾರನೆಯ ದಿನ ಅದೇ ತಟ್ಟೆ ಖರ್ಜೂರ ತುಂಬಿಕೊಂಡು ವಾಪಸು ಬಂತು. ಅಲ್ಲಿಂದ ಪ್ರತಿ ರಂಜಾನಿನಲ್ಲೂ ನನ್ನ ತಟ್ಟೆ ಕೆಳಗೆ ಹೋಗುವುದು, ಖಾಲಿಯಾಗದೆ ಮೇಲೆ ಬರುವುದು. ‘ಉಷಾ’ ಎಂದು ಕೊರೆದ ಜಾಗದಲ್ಲಿ ಅವರ ಮನೆಯ ಬೂದಿಬಣ್ಣದ ಸೋಪಿನ ವಾಸನೆ ಕೂಡ ಹಿಡಿದುಹೋಗಿತ್ತು.

ಆ ಸ್ವಿಚ್ಚಿನ ವಿಷಯ ನಿನಗೆ ನೆನಪಿದೆಯೋ ಇಲ್ಲವೋ. ಶನಿವಾರ ಬೆಳಿಗ್ಗೆ ನೀನು ಮೆಟ್ಟಿಲಲ್ಲಿ ಆಡುತ್ತಿದ್ದರೆ ಅವರು ಬಾಗಿಲು ತೆರೆದು ನಿನ್ನನ್ನು ಒಳಗೆ ಕರೆಯುವರು. ಕರೆದು ಏನೂ ಹೇಳುವುದಿಲ್ಲ, ಉರಿಯುತ್ತಿರುವ ಲೈಟನ್ನು ಒಮ್ಮೆ ನೋಡುವರು, ನಿನ್ನನ್ನು ಒಮ್ಮೆ ನೋಡುವರು. ನೀನು ಕುರ್ಚಿ ಹತ್ತಿ ಆರಿಸುವೆ. ಬಾಯಿಗೊಂದು ಮಿಠಾಯಿ. ನಾನು ನಿನ್ನ ಪಪ್ಪನಿಗೆ ಹೇಳಿದೆ, ಆ ಮುದುಕಿಯ ಮನೆಯ ಸ್ವಿಚ್ಚಿನಲ್ಲಿ ಶಾಕ್ ಹೊಡೆಯುತ್ತದೆಯೋ ಏನೋ, ಮಗುವಿನ ಕೈಯಲ್ಲಿ ಆರಿಸುತ್ತಾರೆ, ಹೋಗಿ ನೋಡಿ ಎಂದು. ಅವರು ಟೆಸ್ಟರ್ ಹಿಡಿದು ಕೆಳಗೆ ಹೋದರು. ಏನೂ ತೊಂದರೆ ಕಾಣಲಿಲ್ಲ, ಆದರೂ ಹೊಸ ಸ್ವಿಚ್ ತಂದು ಹಾಕಿಬಂದರು. ಅದೂ ಒಂದು ಶನಿವಾರವೇ! ಮುಂದಿನ ವಾರ ಉಮ್ ದಾವೂದ್ ಮತ್ತೆ ನಿನ್ನನ್ನೇ ಕರೆದರು. ಹೊಸ ಸ್ವಿಚ್ಚೂ ಸರಿಯಿಲ್ಲ, ಚೀನಾ ಮಾಲು ಎಂದು ನಿನ್ನ ಪಪ್ಪ ಅಂಗಡಿಯವನನ್ನು ಬೈದರು. ಈಗ ನೆನೆಸಿದರೂ ನನಗೆ ಹೊಟ್ಟೆ ಹಿಡಿದುಕೊಂಡು ನಗು ಬರುತ್ತದೆ.

ನೀನು ಅವರ ಮನೆಯಿಂದ ಹೊರಡುವಾಗ ‘ಬರ್ತೇನೆ’ ಎನ್ನುವುದನ್ನು ಮರೆಯುತ್ತಿರಲಿಲ್ಲ. ಮನೆಯಲ್ಲಿ ತುಳು ಹೇಗೂ ಬರುತ್ತದೆ, ಕನ್ನಡವೂ ಬಾಯಿಗೆ ಕೂರಲಿ ಎಂದು ನಾನು ನಿನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದೆ. ಯಾರ ಮನೆಯಿಂದ ಎದ್ದರೂ ಹೋಗುತ್ತೇನೆ ಎನ್ನಬಾರದು, ಬರ್ತೇನೆ ಎನ್ನಬೇಕು ಎಂದು ನಿನಗೆ ಕಲಿಸಿದವಳೂ ನಾನೇ. ಉಮ್ ದಾವೂದ್ ಅದನ್ನು ಸಲಾಮಿನ ಹಾಗೆ ಏನೋ ಒಂದು ಎಂದುಕೊಂಡಿದ್ದರು. ಒಮ್ಮೆ ನನ್ನಿಂದ ಅರ್ಥ ಕೇಳಿ ತಿಳಿದುಕೊಂಡ ಮೇಲೆ ಅವರಿಗೆ ಅದು ಬಹಳ ಹಿಡಿಸಿತು. ನೀನು ‘ಬರ್ತೇನೆ’ ಎಂದರೆ ಅವರು ಒಳಗಿನಿಂದಲೇ ‘ಬಾಚರ್ ತಆಲಿ’ ಎನ್ನುವರು, ನಾಳೆ ಬಾ ಎಂದು. ಇದು ದಿನವೂ ನಡೆಯುವ ಆಟ. ಆ ಎರಡು ಮಾತು ಮೆಟ್ಟಿಲಿನ ಕೆಳಗಿನಿಂದ ಕೇಳಿಸಿದರೆ ನಾನು ಒಲೆಯ ಮೇಲೆ ನಿನ್ನ ಹಾಲು ಇಡುತ್ತಿದ್ದೆ.

ಮೇಲಿನ ಸಾಹಿರಾಳನ್ನು ನಿನಗೆ ನಾನು ಪರಿಚಯ ಮಾಡಿಕೊಡಬೇಕಾಗಿಲ್ಲ. ಗಣಿತದಲ್ಲಿ ನಿನ್ನನ್ನು ದಡ ಹತ್ತಿಸಿದವಳು ಅವಳು. ಅವಳಿಗೂ ಕೆಳಗಿನ ಮನೆಗೂ ಸಲಾಮಿನಷ್ಟೇ ಬಳಕೆ, ಮೆಟ್ಟಿಲಲ್ಲಿ ಎದುರಾದರೆ ಒಂದು ಸಲಾಂ, ಅದಕ್ಕಿಂತ ಹೆಚ್ಚಿಲ್ಲ. ಯಾಕೆ ಎಂದು ನಾನು ಯೋಚಿಸಿಯೂ ಇರಲಿಲ್ಲ. ನೀನು ಮೂರನೇ ಕ್ಲಾಸಿನಲ್ಲಿದ್ದಾಗ, ಆ ಚಳಿಗಾಲದಲ್ಲಿ, ಗಾಜಾದ ಮೇಲೆ ಬಾಂಬು ಬೀಳತೊಡಗಿತು. ಸಾಹಿರಾಳ ಮನೆಯ ಟೀವಿ ಬೆಳಗಿನಿಂದ ಸಂಜೆಯವರೆಗೆ ಇಡೀ ಬಿಲ್ಡಿಂಗಿಗೆ ಕೇಳುತ್ತಿತ್ತು. ತಂಗಿ ಬಸ್ಮಾ ಅಲ್ಲೇ ಇದ್ದಳು, ಫೋನು ಸಿಗುತ್ತಿರಲಿಲ್ಲ. ಆಗ ಅವಳು ಉಮ್ ದಾವೂದರಿಗೆ ಸಲಾಂ ಹೇಳುವುದನ್ನು ನಿಲ್ಲಿಸಿದಳು. ಉಮ್ ದಾವೂದ್ ಮಾತ್ರ ಹೇಳುತ್ತಲೇ ಇದ್ದರು. ಇವಳು ಗೋಡೆ ನೋಡಿಕೊಂಡು ಹತ್ತಿಹೋಗುವಳು. ವಯಸ್ಸಾದವರಿಗೆ ಹಾಗೆ ಮಾಡುವುದೇ ಎಂದು ನನಗೆ ಸಾಹಿರಾಳ ಮೇಲೆ ಸಿಟ್ಟು ಬಂದಿತ್ತು. ವಿಷಯ ಗೊತ್ತಿರದ ಸಿಟ್ಟು.

ಅದೇ ವಾರಗಳಲ್ಲಿ ಉಮ್ ದಾವೂದರ ಗಂಡ ಅಬು ದಾವೂದ್ ತೀರಿಕೊಂಡರು, ಬೆಳಿಗ್ಗೆ ಚಹಾ ಕುಡಿಯುತ್ತಾ ಕುಳಿತಲ್ಲಿಯೇ. ಕರೆ ಬರಲಿ ಎಂದು ಕಾಯುವ ಮನೆಯಲ್ಲ ಅದು. ನೈಟಿಯ ಮೇಲೆ ಒಂದು ಸೀರೆ ಸುತ್ತಿ, ಗಂಜಿ ಮತ್ತು ಹೆಸರುಕಾಳಿನ ಪಲ್ಯ ಡಬ್ಬಿಗೆ ಹಾಕಿಕೊಂಡು, ನಿನ್ನ ಕೈ ಹಿಡಿದುಕೊಂಡು ನಾವು ಕೆಳಗೆ ಹೋದೆವು. ಒಳಗೆ ಕಾಲಿಟ್ಟರೆ ಕುರಾನ್ ಓದುವ ಸದ್ದಿಲ್ಲ. ಕನ್ನಡಿಯ ಮೇಲೆ ಬಟ್ಟೆ ಹೊದಿಸಿದ್ದಾರೆ. ಉಮ್ ದಾವೂದ್ ನೆಲದ ಮೇಲೆ ತೆಳ್ಳಗಿನ ಹಾಸಿಗೆಯಲ್ಲಿ ಕುಳಿತಿದ್ದಾರೆ, ಅಂಗಿಯ ಕುತ್ತಿಗೆ ಹರಿದಿದೆ. ಪುಟ್ಟ ಟೋಪಿ ಹಾಕಿದ ಕೆಲವು ಗಂಡಸರು ನಾನು ಅಲ್ಲಿಯವರೆಗೆ ಕೇಳಿರದ ಭಾಷೆಯಲ್ಲಿ ಪ್ರಾರ್ಥನೆ ಮಾಡುತ್ತಿದ್ದಾರೆ. ‘ಮೊಕುಲು ಏರ್ ಮಾರ್ರೆ?’ ಎಂದು ನಾನು ನಿನ್ನ ಪಪ್ಪನ ಕಿವಿಯಲ್ಲಿ ಕೇಳಿದೆ, ಇವರು ಯಾರು ಎಂದು. ಯಹೂದಿಗಳು ಎಂದರು. ನಿಮಗೆ ಗೊತ್ತಿತ್ತಾ ಎಂದರೆ, ಸೂಕಿನ ಅಂಗಡಿಯವರಿಗೆಲ್ಲ ಗೊತ್ತು, ನೀನು ಕೇಳಲಿಲ್ಲವಲ್ಲ ಎಂದರು. ಮತ್ತೆ ನಾನು ವರ್ಷವರ್ಷವೂ ಇಫ್ತಾರಿಗೆಂದು ಗೋಳಿಬಜೆ ಕೊಟ್ಟದ್ದು? ಅವರು ತಿನ್ನುತ್ತಿದ್ದರಲ್ಲ, ಇನ್ನೇನು ಎಂದರು. ಸಾವಿನ ಮನೆಯಲ್ಲಿ ಗಂಡನನ್ನು ಬೈಯಲು ಆಗದೆ ನಾನು ನುಂಗಿಕೊಂಡ ಒಂದೇ ಜಗಳ ಅದು.

ಪ್ರಾರ್ಥನೆ ಮುಗಿದ ಮೇಲೆ ಅಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ದುಃಖದಲ್ಲಿ ಇರುವವರು ಮೊದಲು ಮಾತಾಡಬೇಕು, ಬಂದವರು ಅಲ್ಲಿಯವರೆಗೆ ಸುಮ್ಮನಿರಬೇಕು ಎಂಬುದು ಅವರ ಕ್ರಮ ಎಂದು ಉಮ್ ದಾವೂದರೇ ಆಮೇಲೆ ಹೇಳಿದರು. ನಮಗೆ ಗೊತ್ತಿರಲಿಲ್ಲ, ಏನು ಹೇಳಬೇಕೆಂದು ತಿಳಿಯದೆ ಸುಮ್ಮನೆ ಕುಳಿತೆವು, ಅದೇ ಸರಿಹೋಯಿತು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಸಾಹಿರಾ ಕಾಣಿಸಿದಳು. ಶಾಲೆಯಿಂದ ನೇರ ಬಂದಿದ್ದಳು, ಹೆಗಲಲ್ಲಿ ಮಕ್ಕಳ ಪುಸ್ತಕ ತುಂಬಿದ ಚೀಲ. ಒಳಗೆ ಬಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಅವಳ ಮುಖ ನೋಡಿ ನನಗೆ ಭಯವಾಯಿತು. ಜಗಳಕ್ಕೆ ಬಂದಳೋ ಅಳಲು ಬಂದಳೋ ಹೇಳುವ ಹಾಗಿರಲಿಲ್ಲ. ಆಗ ಉಮ್ ದಾವೂದ್ ತಲೆ ಎತ್ತಿದರು, ಬಹಳ ಹೊತ್ತಿನ ಮೇಲೆ ಮೊದಲ ಸಲ ಬಾಯಿ ತೆರೆದರು. ‘ಬಸ್ಮಾ?’ ಎಂದರು. ಅಷ್ಟೆ ಕೇಳಿದ್ದು. ಸಾಹಿರಾ ‘ಬದುಕಿದ್ದಾಳೆ’ ಎಂದಳು. ‘ಅಲ್ ಹಮ್ದುಲಿಲ್ಲಾ’ ಎಂದು ಉಮ್ ದಾವೂದ್ ಮತ್ತೆ ತಲೆ ತಗ್ಗಿಸಿದರು. ಸಾಹಿರಾ ಇನ್ನೂ ಸ್ವಲ್ಪ ಹೊತ್ತು ಕುಳಿತು, ಎದ್ದು ಮೆಟ್ಟಿಲು ಹತ್ತಿದಳು.

ನಾವೂ ಎದ್ದೆವು. ಸಾವಿನ ಮನೆಯಿಂದ ಹೊರಡುವಾಗ ನಮ್ಮವರು ‘ಬರ್ತೇನೆ’ ಎನ್ನುವುದಿಲ್ಲ, ಹೇಳದೆ ಎದ್ದುಬರಬೇಕು, ಮತ್ತೆ ಇಂಥ ಕಾರ್ಯಕ್ಕೆ ಬರುವ ಹಾಗಾಗದಿರಲಿ ಎಂದು. ನಾನು ಚಪ್ಪಲಿ ಮೆಟ್ಟುತ್ತಿದ್ದೆ. ನೀನು ಬಾಗಿಲಲ್ಲಿ ತಿರುಗಿ ನಿಂತು, ಆ ಮೌನದೊಳಗೆ, ಬಿಲ್ಡಿಂಗಿಗೇ ಕೇಳುವ ಹಾಗೆ ‘ಬರ್ತೇನೆ!’ ಎಂದೆ. ತೋಳಿನ ಒಳಭಾಗಕ್ಕೆ ಎಂಥ ಚಿವುಟು ಚಿವುಟಿದೆ ಎಂದರೆ ನೀನು ಕಿರುಚಲೂ ಮರೆತೆ. ಅಷ್ಟರಲ್ಲಿ ನೆಲದ ಮೇಲಿನಿಂದ, ದಿನವೂ ಹೇಳುವ ಹಾಗೆಯೇ, ‘ಬಾಚರ್ ತಆಲಿ’ ಎಂದು ಕೇಳಿತು. ಹಾಗೆಂದವರು ತಾವು ಹೇಳಿದ್ದು ತಮಗೇ ಕೇಳಿ ನಕ್ಕುಬಿಟ್ಟರು, ನಕ್ಕವರು ಹಾಗೆಯೇ ಅಳತೊಡಗಿದರು. ಗಂಡ ಹೋದ ಮೇಲೆ ಅವರು ಅತ್ತದ್ದು ಆಗಲೇ ಮೊದಲು ಎಂದು ಮಗ ದಾವೂದ್ ಆಮೇಲೆ ಹೇಳಿದ. ಮಾರನೆಯ ದಿನ ನೀನು ನನಗೆ ಹೇಳದೆ ಬಣ್ಣದ ಪೆನ್ಸಿಲು ತೆಗೆದುಕೊಂಡು ಕೆಳಗೆ ಹೋಗಿದ್ದೆ. ಕರೆತರಲು ಬಂದರೆ ಇಬ್ಬರೂ ಆ ಹಾಸಿಗೆಯ ಮೇಲೆ ಕುಳಿತಿದ್ದಿರಿ, ನೀನು ಬಿಡಿಸಿದ ಮೀನಿಗೆ ಅವರು ಕಣ್ಣು ಬರೆಯುತ್ತಿದ್ದರು. ಮರುವರ್ಷದ ರಂಜಾನಿನಲ್ಲಿ ನಾನು ನಾಚಿಕೆಯಿಂದ ತಟ್ಟೆ ಕಳಿಸಲಿಲ್ಲ. ಅವರೇ ಮೇಲೆ ಬಂದು ನನ್ನ ಗೋಳಿಬಜೆ ಎಲ್ಲಿ ಎಂದು ಜಗಳಕ್ಕೆ ನಿಂತರು. ಇಷ್ಟು ವರ್ಷ ಹೇಳಲಿಲ್ಲ ಯಾಕೆ ಎಂದು ಕೇಳಿದ್ದಕ್ಕೆ, ಬೀದಿಯವರೆಲ್ಲ ಉಪವಾಸ ಇರುವಾಗ ನಾನೊಬ್ಬಳೇ ಸುಖವಾಗಿ ಹೇಗೆ ತಿನ್ನಲಿ, ಮಗ್ರಿಬ್ ಹೊತ್ತಿಗೆ ನನಗೂ ಹಸಿವಾಗುತ್ತಿತ್ತು ಎಂದರು.

ಇದರಿಂದ ಅವರಿಬ್ಬರೂ ಗೆಳತಿಯರಾದರು ಎಂದುಕೊಳ್ಳಬೇಡ. ಆಗಲಿಲ್ಲ. ಸಲಾಂ ಮತ್ತೆ ಶುರುವಾಯಿತು, ಅಷ್ಟೆ, ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ. ಸಾಹಿರಾ ತನ್ನ ಗೋಡೆಯ ಮೇಲಿನ, ಹಿರಿಯರು ಪ್ಯಾಲೆಸ್ತೀನಿನಲ್ಲಿ ಬಿಟ್ಟುಬಂದ ಮನೆಯ ಹಳೇ ಬೀಗದಕೈಯನ್ನು ಇಳಿಸಲಿಲ್ಲ, ಶನಿವಾರ ದೀಪ ಹಚ್ಚಬಾರದು, ಆರಿಸಬಾರದು ಎಂಬ ತಮ್ಮ ಧರ್ಮದ ಕ್ರಮವನ್ನು ಉಮ್ ದಾವೂದ್ ಬಿಡಲಿಲ್ಲ. ನೀನು ನೋಡಿರದ ಇನ್ನೊಂದು ಇದೆ. ಕಟಪಾಡಿಯಲ್ಲಿ ನಿನ್ನ ಅಜ್ಜಿ ತೀರಿಕೊಂಡ ದಿನ ನೀನು ಶಾಲೆಯಲ್ಲಿದ್ದೆ, ಪಪ್ಪ ಸಿತ್ರಾದಲ್ಲಿ ಪಾಳಿಯಲ್ಲಿದ್ದರು. ಕ್ರಿಸ್‌ಮಸ್ ರಜೆ ಹತ್ತಿರ ಬಂದಿತ್ತು, ಯಾವ ವಿಮಾನದಲ್ಲೂ ಸೀಟಿಲ್ಲ. ಅಮ್ಮನ ಮುಖ ನೋಡಲು ಆಗುವುದಿಲ್ಲ ಎಂದು ಗೊತ್ತಾದ ಮೇಲೆ ನಾನು ಅಡುಗೆಮನೆಯ ನೆಲದಲ್ಲಿ ಕುಳಿತುಬಿಟ್ಟೆ. ಉಮ್ ದಾವೂದ್ ವಯಸ್ಸಾದ ಆ ಕಾಲಿನಲ್ಲಿ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿಬಂದರು, ನನ್ನ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತರು. ಆಮೇಲೆ ಸಾಹಿರಾ ಬಂದಳು. ಅವಳು ಒಲೆ ಹಚ್ಚಿ ಚಹಾ ಇಟ್ಟಳು, ಇವರಿಗೆ ಒಂದು ಲೋಟ, ನನಗೆ ಒಂದು. ಉಮ್ ದಾವೂದ್ ಎದ್ದು ಹೊರಟಾಗ ‘ಮಅಸ್ಸಲಾಮಾ’ ಕೂಡ ಹೇಳಲಿಲ್ಲ. ನಮ್ಮ ಕ್ರಮವನ್ನು ಒಮ್ಮೆ ನಾನು ಹೇಳಿದ್ದೆ, ಅವರು ನೆನಪಿಟ್ಟುಕೊಂಡಿದ್ದರು. ಈಗ ಅವರೂ ಇಲ್ಲ. ದಾವೂದ್ ಲಂಡನ್ನಿಗೆ ಕರೆದುಕೊಂಡು ಹೋದ, ಅಲ್ಲಿಯೇ ಹೋದರು. ಲಾಂಡ್ರಿಯ ಸೋಪಿನ ವಾಸನೆ ಮೇಲೆ ಬಂದಾಗಲೆಲ್ಲ ನನಗೆ ಆ ತಟ್ಟೆ ನೆನಪಾಗುತ್ತದೆ, ಅವರನ್ನು ನೋಡಬೇಕೆಂದು ಅನಿಸುತ್ತದೆ.

ಈಗ ಬೈಗುಳ. ನಿನ್ನ ಹೇಳಿಕೆಯ ಬಗ್ಗೆ ನನಗೆ ಸಿಟ್ಟಿದೆ ಎಂದು ನೀನು ತಿಳಿದಿದ್ದರೆ ಅದು ತಪ್ಪು. ಬಸ್ಮಾಳ ಸುದ್ದಿ ಬಂದಾಗ ಸಾಹಿರಾಳ ಮನೆಯಲ್ಲಿ ಬಂದವರಿಗೆಲ್ಲ ಚಹಾ ಮಾಡಿದವಳು ನಾನು. ಆವತ್ತಿನಿಂದ ನಾನು ಟೀವಿ ಹಾಕಿಲ್ಲ, ಹಾಕಿದರೆ ಆ ಮಕ್ಕಳನ್ನು ನೋಡಿ ಅನ್ನ ಇಳಿಯುವುದಿಲ್ಲ. ನೀನು ಆ ಹೆಸರುಗಳನ್ನು ಬರೆದೆ ಎಂದು ನನಗೆ ಹೆಮ್ಮೆ. ಆದರೆ ಆ ಕೊನೆಯ ಸಾಲು ನನಗೆ ಹಿಡಿಸಲಿಲ್ಲ ಮಗಾ. ಒಳಗೆ ಅಷ್ಟು ಬೇಯುತ್ತಿದ್ದ ಆ ಚಳಿಗಾಲದಲ್ಲಿ ಸಾಹಿರಾ ಕೂಡ ಕೆಳಗಿನ ಬಾಗಿಲು ತಟ್ಟಿ, ನೀವು ಇದನ್ನು ಖಂಡಿಸಿದಿರಾ ಎಂದು ಕೇಳಲಿಲ್ಲ. ಸಲಾಂ ನಿಲ್ಲಿಸಿದಳು. ಅದು ಅವಳ ಕೋಪ, ಅವಳದ್ದೇ ತಂಗಿ. ಹಾಗೆಂದು ಹ್ಯಾನಾ ನಿನ್ನ ಮೇಲೆ ದೂರು ಕೊಟ್ಟದ್ದನ್ನು ಸಣ್ಣದು ಎಂದೂ ನಾನು ಹೇಳುವುದಿಲ್ಲ. ಮಾತಾಡಿ ಮುಗಿಸಬಹುದಾದದ್ದನ್ನು ಅವಳು ಆಫೀಸಿಗೆ ಒಯ್ದಳು, ನಿನಗೆ ನೋವಾಗಿದೆ. ವಿಚಾರಣೆಯಲ್ಲಿ ಏನು ಹೇಳಬೇಕು, ಎಲ್ಲಿ ಕೋಪ ಮುಗಿಯುತ್ತದೆ, ಎಲ್ಲಿ ದ್ವೇಷ ಶುರುವಾಗುತ್ತದೆ, ಇದೆಲ್ಲ ನೀನೂ ನಿನ್ನ ಪ್ರೊಫೆಸರೂ ಬಗೆಹರಿಸಿಕೊಳ್ಳಿ. ನನ್ನ ಕೈಲಾಗದು. ನೀನು ನನ್ನನ್ನು ಕೇಳಿದ್ದು ಅದಲ್ಲವಲ್ಲ. ಒಂದು ಸಾವಿನ ಮನೆಗೆ ಹೋಗಲೋ ಬೇಡವೋ ಎಂದು ಕೇಳಿದೆ. ಯಾರ ಉಗುರನ್ನು ನೀನು ಕತ್ತರಿಸಿದೆಯೋ ಅವರು ಸತ್ತಿದ್ದಾರೆ. ನನ್ನ ಮಗಳು ಅಲ್ಲಿಗೆ ಹೋಗಲಿಲ್ಲ ಎಂದರೆ ನನಗೆ ಬಹಳ ಬೇಸರವಾಗುತ್ತದೆ, ಇದನ್ನು ಬೇರೆ ಯಾವ ರೀತಿಯಲ್ಲೂ ಹೇಳಲು ನನಗೆ ಬರುವುದಿಲ್ಲ.

ಡಬ್ಬಿಯಲ್ಲಿ ಮೇಲಿನದು ಕಷಾಯದ ಪುಡಿ, ಕೆಳಗಿನದು ಕೊಬ್ಬರಿ ಚಟ್ನಿಪುಡಿ, ಎರಡನ್ನೂ ಅದಲುಬದಲು ಮಾಡಬೇಡ. ಸ್ವೆಟರು ಹಾಕದೆ ಹೊರಗೆ ಹೋಗಬೇಡ. ಪಪ್ಪ ಬಿಸಿನೀರಿನ ಚೀಲವನ್ನು ಮೊಣಗಂಟಿಗೆ ಕಟ್ಟಿಕೊಂಡು ಕುಳಿತಲ್ಲಿಂದಲೇ ಪ್ರೀತಿ ಹೇಳುತ್ತಿದ್ದಾರೆ, ಸ್ವಿಚ್ಚಿನ ಕಥೆ ಬರೆದೆಯಾ ಎಂದು ಕೇಳಿ ಮುಖ ಗಂಟು ಹಾಕಿದ್ದಾರೆ. ಕ್ಲಿನಿಕ್ಕಿನ ನೆಲ್ಲಿ ಸಿಸ್ಟರ್ ನಿನ್ನನ್ನು ಕೇಳಿದ್ದಾರೆ, ನಿನಗಾಗಿ ಪ್ರಾರ್ಥನೆಯನ್ನೂ ಮಾಡುತ್ತಾರಂತೆ. ನಮ್ಮ ಊರಿನ ದೈವ ದೇವರುಗಳೂ ಅಲ್ಲಿಯ ದೇವರುಗಳೂ ಒಟ್ಟಾಗಿ ನಿನ್ನನ್ನು ನೋಡಿಕೊಳ್ಳಲಿ.

ನಿನ್ನ ಅಮ್ಮ,
ಉಷಾಲತಾ

ತಾ.ಕ.: ರೂಪೇಶ್ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಸಾಹಿರಾ ಈಗಷ್ಟೇ ಬಂದಿದ್ದಳು. ಅವಳಿಗೆ ಹೇಳುವುದು ಬೇಡ ಎಂದುಕೊಂಡಿದ್ದೆ, ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ. ನಿಂತೇ ಕೇಳಿದಳು. ‘ಅವಳು ಹೋಗಲಿ. ಆದರೆ ಹೋಗಿಬಂದು ಆ ಕಾಗದದಿಂದ ನನ್ನ ತಂಗಿಯ ಹೆಸರು ತೆಗೆದರೆ ಮತ್ತೆ ನನಗೆ ಮುಖ ತೋರಿಸುವುದು ಬೇಡ’ ಎಂದಳು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಮೇಲೆ ಹೋದಳು. ಇಷ್ಟು ಪುಟ ತುಂಬಿಸಿದರೂ ನನಗೆ ಹೀಗೆ ಹೇಳಲು ಆಗಿರಲಿಲ್ಲ. ಶನಿವಾರ ಅವರು ಶೋಕಕ್ಕೆ ಕೂರುವುದಿಲ್ಲ, ನೀನು ಭಾನುವಾರ ಹೋಗು. ಹ್ಯಾನಾ ಮಾತಾಡಿಸುವವರೆಗೆ ಸುಮ್ಮನಿರು, ಮಾತಾಡಿಸದಿದ್ದರೂ ಸ್ವಲ್ಪ ಹೊತ್ತು ಕೂತು ಎದ್ದುಬಾ. ಹೊರಡುವಾಗ ಏನೂ ಹೇಳಬಾರದು ಎಂಬ ಕ್ರಮ ನಿನಗೆ ಗೊತ್ತಿದೆ. ಆದರೂ ಬಾಗಿಲಲ್ಲಿ ಬಾಯಿತಪ್ಪಿ ‘ಬರ್ತೇನೆ’ ಎಂದು ಬಂದರೆ ಬರಲಿ ಬಿಡು. ಈ ಸಲ ಚಿವುಟಲು ನಾನು ಪಕ್ಕದಲ್ಲಿ ಇರುವುದಿಲ್ಲ.